ನಳಿಕೆಗೂ ಮುಂಚಿನ ಹಾಲು

ಹೆರದ ತಾಯಿ ದತ್ತು ಮಗುವಿಗೆ ಮೊಲೆಯೂಡಿಸುವುದು ಎಂದರೆ ಅದು ಅಮೆರಿಕದ ಒಂದು ಉಪಕರಣದಿಂದ ಹುಟ್ಟಿದ ರೂಢಿ ಎನಿಸುವುದು ಸಹಜ. 1960ರ ದಶಕದ ಕೊನೆಗೆ ಜಾನ್ ಆವೆರಿ ಮತ್ತು ಜಿಮ್ಮಿ ಲಿನ್ ಆವೆರಿ ದಂಪತಿ ತಾವು ದತ್ತು ಪಡೆದ ಮಗುವಿಗೆಂದು ರೂಪಿಸಿದ ‘ಲ್ಯಾಕ್ಟ್-ಏಡ್’ ಬಲು ಸರಳವಾದದ್ದು. ತಾಯಿಯ ಕೊರಳಿಂದ ಇಳಿಬಿಟ್ಟ ಪುಟ್ಟ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹಾಲು, ಅಲ್ಲಿಂದ ಹೊರಟು ಮೊಲೆತೊಟ್ಟಿನ ತುದಿಗೆ ಬಂದು ನಿಲ್ಲುವ ಸಣ್ಣ ನಳಿಕೆ. ಮಗು ತೊಟ್ಟನ್ನೂ ನಳಿಕೆಯನ್ನೂ ಒಟ್ಟಿಗೇ ಬಾಯಿಗೆ ತೆಗೆದುಕೊಂಡು ಚೀಪುತ್ತದೆ. ಹೊಟ್ಟೆ ತುಂಬಿಸುವುದು ಚೀಲದ ಹಾಲು. ಆದರೆ ಅದೇ ಚೀಪುವಿಕೆ ತಾಯಿಯ ಮೆದುಳಿಗೂ ಸುದ್ದಿ ಮುಟ್ಟಿಸಿ ಎದೆಯಲ್ಲಿ ಹಾಲು ಹುಟ್ಟಿಸತೊಡಗುತ್ತದೆ. ಮುಂದೆ ಸ್ವಿಟ್ಜರ್ಲೆಂಡಿನ ಮೆಡೆಲಾ ಕಂಪನಿಯೂ ಇಂಥದ್ದನ್ನೇ ಮಾರಿತು. ಉಪಾಯ ಜಾಣತನದ್ದೇ, ಸಂಶಯವಿಲ್ಲ. ಆದರೆ ಹೊಸದಾದದ್ದು ನಳಿಕೆ ಮಾತ್ರ, ಅದು ಮಾಡುವ ಕೆಲಸವಲ್ಲ. ಅದಕ್ಕೂ ಮುಂಚೆ ಆ ಕೆಲಸವನ್ನು ಮಾಡುತ್ತಿದ್ದವರು ಬೇರೆ ಹೆಂಗಸರು. ಅವರು ಮನೆಯ ಸುತ್ತಮುತ್ತಲಿಂದ ಮರೆಯಾದ ಕಡೆ ಅವರ ಜಾಗಕ್ಕೆ ಬಂದದ್ದು ನಳಿಕೆ.

ಆ ಕೆಲಸ ಯಾವುದೆಂದು ಸ್ಪಷ್ಟ ಮಾಡಿಕೊಳ್ಳಬೇಕು. ಬಸಿರಿನ ತಿಂಗಳುಗಳಲ್ಲಿ ಹಾರ್ಮೋನುಗಳು ಸ್ತನದ ಹಾಲುಗ್ರಂಥಿಗಳನ್ನು ಬೆಳೆಸುತ್ತವೆ. ಹೆರಿಗೆಯಾಗಿ ಮಾಸು ಬಿದ್ದಮೇಲೆ ಪ್ರೊಜೆಸ್ಟರಾನ್ ಕುಸಿದು ಹಾಲಿಗೆ ದಾರಿಯಾಗುತ್ತದೆ. ದತ್ತು ತಾಯಿಗೆ ಈ ಸಿದ್ಧತೆಯಿಲ್ಲ. ಅವಳಿಗಿರುವುದು ಮಗುವಿನ ಬಾಯಿ ಒಂದೇ. ಪದೇ ಪದೇ ಚೀಪಿಸಿದರೆ ಪ್ರೊಲ್ಯಾಕ್ಟಿನ್ ಏರುತ್ತದೆ, ದಿನಗಳೋ ವಾರಗಳೋ ಕಳೆದು ಹನಿ ಕಾಣಿಸುತ್ತದೆ. ಅಲ್ಲಿಯವರೆಗೆ ಕಾಯುವ ವ್ಯವಧಾನ ಹಸಿದ ಮಗುವಿಗೆ ಎಲ್ಲಿಂದ ಬರಬೇಕು? ಬತ್ತಿದ ಮೊಲೆಯನ್ನು ಅದು ಒಲ್ಲೆನ್ನುತ್ತದೆ. ಹಾಲಿಲ್ಲವೆಂದು ಮಗು ಚೀಪುವುದಿಲ್ಲ, ಮಗು ಚೀಪದೆ ಹಾಲು ಬರುವುದಿಲ್ಲ. ಈ ತೊಡಕಿನ ವಾರಗಳನ್ನು ದಾಟಿಸುವವರು ಯಾರು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರವೇ ಈ ರೂಢಿಯ ಇತಿಹಾಸ.

ಇದಕ್ಕೆ ನನಗೆ ಸಿಕ್ಕ ಅತ್ಯಂತ ಗಟ್ಟಿ ಸಾಕ್ಷ್ಯ ನ್ಯೂಗಿನಿಯದ್ದು. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1935ರ ತಮ್ಮ ಪುಸ್ತಕದಲ್ಲಿ ಮುಂಡುಗುಮೊರ್ ಜನರ ಬಗ್ಗೆ ಬರೆಯುತ್ತ, ಅಲ್ಲಿ ಎಂದೂ ಹೆರದ ಹೆಂಗಸರು ಕೂಡ ದತ್ತು ಕೂಸನ್ನು ಬಿಡದೆ ಎದೆಗೆ ಹಚ್ಚಿ, ಎಳನೀರಿನಂಥ ಪಾನೀಯ ಧಾರಾಳವಾಗಿ ಕುಡಿದು, ಕೆಲವೇ ವಾರಗಳಲ್ಲಿ ಮಗುವಿಗೆ ಸಾಕಾಗುವಷ್ಟೋ ಹೆಚ್ಚುಕಡಿಮೆ ಅಷ್ಟೋ ಹಾಲು ತರಿಸಿಕೊಳ್ಳುತ್ತಾರೆಂದು ದಾಖಲಿಸುತ್ತಾರೆ. ಪಾನೀಯದ ಮಹಿಮೆಯನ್ನು ಬದಿಗಿಡೋಣ. ಮುಖ್ಯವಾದದ್ದು ಅದೇ ವಿವರಣೆಯ ಇನ್ನೊಂದು ತುಣುಕು: ಮೊದಲ ಕೆಲವು ವಾರ ಆ ಕೂಸಿಗೆ ಬೇರೆ ಹೆಂಗಸರು ಹಾಲೂಡುತ್ತಿದ್ದರು. ಆವೆರಿ ದಂಪತಿಯ ಚೀಲ ಮಾಡಿದ್ದು ಇದನ್ನೇ. ನಮ್ಮ ಕಡೆಯ ಹಳೆಯ ವೈದ್ಯರಿಗೂ ಹಾಲಿನ ಮರ್ಮ ತಿಳಿಯದೆ ಇರಲಿಲ್ಲ. ಮಗುವನ್ನು ಮುಟ್ಟುವುದರಿಂದ, ನೋಡುವುದರಿಂದ, ನೆನೆಯುವುದರಿಂದಲೂ ಹಾಲು ಸುರಿಯುತ್ತದೆ, ಎಡೆಬಿಡದ ಸ್ನೇಹವೇ ಅದಕ್ಕೆ ಕಾರಣ ಎನ್ನುತ್ತದೆ ಸುಶ್ರುತ ಸಂಹಿತೆಯ ನಿದಾನಸ್ಥಾನ. ಕೂಸಿನ ಅಳು ಕೇಳಿದರೆ ಸಾಕು ಆಕ್ಸಿಟೋಸಿನ್ ಹೊಮ್ಮಿ ಹಾಲು ಇಳಿಯಬಲ್ಲದು ಎಂದು ಇಂದಿನ ಶರೀರವಿಜ್ಞಾನ ಹೇಳುವುದಕ್ಕೆ ಇದು ಬಹಳ ದೂರವೇನಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಅದು ನ್ಯಾಯವಾದದ್ದೇ. ಬೇರೆ ಹೆಂಗಸರ ಹಾಲೆಂದರೆ ಎಲ್ಲ ಕಾಲಕ್ಕೂ ನೆರೆಹೊರೆಯ ಪ್ರೀತಿಯೆ? ಚರಕ ಸಂಹಿತೆ ಹಾಲೂಡುವ ದಾದಿಯನ್ನು ಆರಿಸುವಾಗ ಅವಳು ಸಮಾನ ವರ್ಣದವಳಾಗಿರಬೇಕು, ಹರೆಯದವಳಾಗಿರಬೇಕು, ಅವಳ ಸ್ವಂತ ಮಗು ಬದುಕಿರಬೇಕು ಎಂದು ಪಟ್ಟಿ ಕೊಡುತ್ತದೆ. ದಾದಿಯ ಆ ಮಗುವಿನ ಪಾಲಿನ ಹಾಲು ಏನಾಯಿತೆಂದು ಪಟ್ಟಿ ಕೇಳುವುದಿಲ್ಲ. ಯುರೋಪಿನಲ್ಲೂ ಸಂಬಳದ ದಾದಿಯರ ಕಥೆ ಬಡ ಕೂಸುಗಳ ಹಸಿವಿನ ಕಥೆಯೇ. ಆದ್ದರಿಂದ ಹಿಂದಿನದೆಲ್ಲ ಚೆನ್ನಾಗಿತ್ತು ಎಂಬ ವಾದ ನನ್ನದಲ್ಲ. ಆದರೂ ಎರಡನ್ನು ಬೇರೆ ಮಾಡಿ ನೋಡಬೇಕು. ಸಂಬಳದ ದಾದಿ ತಾಯಿಯ ಬದಲಿಗೆ ಬರುತ್ತಾಳೆ. ಮುಂಡುಗುಮೊರ್ ಹೆಂಗಸರು ತಾಯಿಗೆ ಹಾಲು ಬರುವ ತನಕ ಬಂದು ಆಮೇಲೆ ಹಿಂದೆ ಸರಿಯುತ್ತಾರೆ. ನಳಿಕೆ ಹೋಲುವುದು ಎರಡನೆಯವರನ್ನು.

ಹಾಗಾದರೆ ನಳಿಕೆ ಅಮೆರಿಕದಲ್ಲೇ, ಆ ಹೊತ್ತಿಗೇ ಯಾಕೆ ಹುಟ್ಟಿತು? 1970ರ ದಶಕದ ಆರಂಭದಲ್ಲಿ ಅಲ್ಲಿ ಹೆತ್ತ ತಾಯಂದಿರಲ್ಲೇ ಮೊಲೆಯೂಡಿಸಲು ಶುರುಮಾಡುತ್ತಿದ್ದವರು ಸುಮಾರು ನಾಲ್ಕರಲ್ಲಿ ಒಬ್ಬರು. 1956ರಲ್ಲಿ ಇಲಿನಾಯ್‌ನಲ್ಲಿ ಏಳು ಹೆಂಗಸರು ಲಾ ಲೆಚೆ ಲೀಗ್ ಎಂಬ ತಾಯಂದಿರ ಸಂಘ ಕಟ್ಟಿಕೊಂಡದ್ದೇ ಮೊಲೆಯೂಡಿಸುವವರ ಇಂಥ ಒಂಟಿತನಕ್ಕೆ ಉತ್ತರವಾಗಿ. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದರೂ ಅವಳ ಕೈಯಲ್ಲಿರುವುದು ಸೀಸೆ. ಇಂಥ ಬೀದಿಯಲ್ಲಿ ದತ್ತು ತಾಯಿ ಯಾರ ಬಳಿ ಕೂಸನ್ನು ಒಯ್ಯಬೇಕಿತ್ತು? ಇದಕ್ಕೆ ತದ್ವಿರುದ್ಧವಾಗಿ ಪಪುವಾ ನ್ಯೂಗಿನಿ 1977ರಲ್ಲಿ ಕಾನೂನು ಮಾಡಿ ಹಾಲಿನ ಸೀಸೆ, ರಬ್ಬರ್ ತೊಟ್ಟುಗಳನ್ನು ಚೀಟಿಯಿಲ್ಲದೆ ಮಾರದಂತೆ ತಡೆಯಿತು. ಸೀಸೆ ಸುಲಭವಾಗಿ ಸಿಗದ ಆ ದೇಶದಲ್ಲಿ ದತ್ತು ತಾಯಿಗೆ ಹಾಲು ಬರಿಸುವುದು ಆಸ್ಪತ್ರೆಯ ಕೆಲಸವೇ ಆಯಿತು. ಹೆರಿಗೆಯಾಗದೆ ಹಾಲು ತರಿಸಿಕೊಳ್ಳಲು ಯತ್ನಿಸಿದ 37 ಹೆಂಗಸರ ಅಧ್ಯಯನವೊಂದನ್ನು ವೈದ್ಯ ಕಿಜಿಟೊ ನೆಂಬಾ 1994ರಲ್ಲಿ ಅಲ್ಲಿಂದಲೇ ಪ್ರಕಟಿಸಿದರು.

ಕರ್ನಾಟಕಕ್ಕೆ ಈ ಕಥೆಯಲ್ಲಿ ನಿಜವಾದ ಪಾಲಿದೆ, ಅದು ದಾವಣಗೆರೆಯದ್ದು. ಮಕ್ಕಳ ವೈದ್ಯೆ ನಿರ್ಮಲಾ ಕೇಸರಿ ಮತ್ತು ಅವರ ಸಹೋದ್ಯೋಗಿಗಳಾದ ಬಣಪುರಮಠ ವೈದ್ಯರು 1990ರ ದಶಕದಿಂದ, ನಿಂತುಹೋದ ಹಾಲನ್ನು ಮರಳಿ ತರಿಸುವ ಬಗ್ಗೆ ‘ಇಂಡಿಯನ್ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬರೆದರು. ಕೇಸರಿಯವರು 1993ರಲ್ಲಿ ಬರೆದ ವಿಧಾನಕ್ಕೆ ಉಪಕರಣವೇ ಬೇಡ. ಮಗು ಎದೆಗೆ ಬಾಯಿ ಹಚ್ಚಿದಾಗ ಮೊಲೆಯ ಮೇಲೆ ಹಾಲನ್ನು ಹನಿಹನಿಯಾಗಿ ಬಿಡುವುದು, ಅದು ಜಾರಿ ತೊಟ್ಟಿಗೆ ಬರುವಾಗ ರುಚಿ ಹತ್ತಿದ ಮಗು ಚೀಪುತ್ತಲೇ ಇರುವುದು, ಇಷ್ಟೇ. ಆದರೆ ತಾಯಿಯ ಒಂದು ಕೈ ಮಗುವಿಗೆ, ಇನ್ನೊಂದು ಮೊಲೆಗೆ. ಹನಿ ಬಿಡಲು ಮೂರನೆಯ ಕೈ ಬೇಕು. ಅತ್ತೆಯೋ ಅಕ್ಕನೋ ನರ್ಸೋ ಪಕ್ಕದಲ್ಲಿ ಕೂರಲೇಬೇಕು. ಅಮೆರಿಕದ ಚೀಲ ಕೊರಳಿಂದ ತೂಗಿದ್ದು ಆ ಮೂರನೆಯ ಕೈ ಇಲ್ಲದ್ದರಿಂದ, ದಾವಣಗೆರೆಯ ಹನಿಗೆ ಚೀಲ ಬೇಡವಾದದ್ದು ಅದು ಇದ್ದುದರಿಂದ ಎಂದು ನಾನು ಓದುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಈ ವಿಷಯದ ಕೈಪಿಡಿ ತಂದಾಗ ಎರಡೂ ದಾರಿಗಳಿಗೆ ಅದರಲ್ಲಿ ಜಾಗ ಸಿಕ್ಕಿತು.

ಇಷ್ಟು ಪಾಡುಪಟ್ಟರೂ ಬರುವ ಹಾಲು ಹೆಚ್ಚಿನವರಲ್ಲಿ ಅರೆಹೊಟ್ಟೆಗೂ ಸಾಲದು, ಡಬ್ಬಿ ಹಾಲನ್ನೇ ನಳಿಕೆಯಲ್ಲಿ ಹರಿಸುವುದಾದರೆ ಸೀಸೆಯಲ್ಲೇ ಕುಡಿಸಬಾರದೇಕೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ 1981ರಲ್ಲಿ ಕ್ಯಾಥ್ಲೀನ್ ಆಯರ್‌ಬಾಕ್ ಮತ್ತು ಜಿಮ್ಮಿ ಲಿನ್ ಆವೆರಿ ಪ್ರಕಟಿಸಿದ 240 ದತ್ತು ತಾಯಂದಿರ ಅಧ್ಯಯನದಲ್ಲಿದೆ. ಆ ತಾಯಂದಿರು ಗೆಲುವನ್ನು ಅಳೆದದ್ದು ಹಾಲಿನ ಪ್ರಮಾಣದಿಂದಲ್ಲ, ಮಗುವಿನೊಡನೆ ಬೆಳೆದ ನಂಟಿನಿಂದ. ಅಧ್ಯಯನ ಮಾಡಿದವರಲ್ಲಿ ಒಬ್ಬರು ಉಪಕರಣದವರೇ ಎಂಬುದನ್ನು ಮರೆಯದೆ ಓದಬೇಕು, ಆದರೂ ಮಾತು ತಳ್ಳಿಹಾಕುವಂಥದ್ದಲ್ಲ. ಹಾಲೇ ಮುಖ್ಯವಾಗುವ ಸಂದರ್ಭವೂ ಒಂದಿದೆ. ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ಹಾಲೂಡಿದವಳು ಮಗುವಿಗೆ ತಾಯಿಯ ಸಂಬಂಧಕ್ಕೆ ಬರುತ್ತಾಳೆ. ಶಾಫಿ ಪಂಥ ಅದಕ್ಕೆ ಐದು ಬಾರಿಯ ಊಡಿಕೆ ಬೇಕೆನ್ನುತ್ತದೆ. ಮಲೇಷ್ಯದ ಮುಸ್ಲಿಂ ದತ್ತು ತಾಯಂದಿರು ಹಾಲು ತರಿಸಿಕೊಳ್ಳಲು ಪಾಡುಪಡುವುದು ಈ ಬಂಧುತ್ವಕ್ಕಾಗಿ. ಅಲ್ಲಿ ಚೀಲದ ಡಬ್ಬಿ ಹಾಲು ಲೆಕ್ಕಕ್ಕಿಲ್ಲ, ಅವಳ ಎದೆಯದ್ದೇ ಬೇಕು.

ಇದಕ್ಕೆಲ್ಲ ಬೇಕಾದ್ದು ಎಳೆಯ ಮಗು. ಸೀಸೆಗೆ ಒಗ್ಗಿ ತಿಂಗಳುಗಳಾದ ಕೂಸನ್ನು ಮೊಲೆಗೆ ತಿರುಗಿಸುವುದು ಕಷ್ಟ. ಭಾರತದ 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಎರಡು ತಿಂಗಳು ಕೊಟ್ಟಿತು. ಅದು ಕೊಡಬೇಕಾದ ಅವಕಾಶವೇ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಾದರೋ ದತ್ತು ತಾಯಿಗೆ 12 ವಾರಗಳ ರಜೆ ಕೊಟ್ಟು, ಮಗು ಮೂರು ತಿಂಗಳಿಗಿಂತ ಚಿಕ್ಕದಾಗಿರಬೇಕು ಎಂದು ಷರತ್ತು ಹಾಕಿತು. ಎರಡನ್ನೂ ಕೂಡಿಸಿ ನೋಡಿದರೆ, ಸಂಸ್ಥೆಯಿಂದ ಮಗುವನ್ನು ಪಡೆದು, ರಜೆಯಲ್ಲಿ ಮನೆಯಲ್ಲಿದ್ದು ಅದನ್ನು ಎದೆಗೆ ಹಚ್ಚಿಕೊಳ್ಳಬಯಸಿದವಳಿಗೆ ಉಳಿದದ್ದು ಹೆಚ್ಚೆಂದರೆ ನಾಲ್ಕು ವಾರಗಳ ಕಿಂಡಿ, ಅದೂ ಕಡತಗಳು ಒಂದು ದಿನವೂ ತಡವಾಗದಿದ್ದರೆ.