ಡೀನೊ ವಿ6 ಎಂಜಿನ್

ಡೀನೊ ವಿ6: ಇಟಲಿಯ ಮರನೆಲ್ಲೊ ಊರಿನ ಫೆರಾರಿ ಕಾರ್ಖಾನೆಯಲ್ಲಿ 1956ರಲ್ಲಿ ಸಿದ್ಧವಾದ ಆರು ಸಿಲಿಂಡರುಗಳ ರೇಸ್ ಎಂಜಿನ್ ಮತ್ತು ಅದರಿಂದ ಕವಲೊಡೆದ ಎಂಜಿನ್‌ಗಳ ವಂಶ. ಮೂರು ಮೂರು ಸಿಲಿಂಡರುಗಳ ಎರಡು ಸಾಲುಗಳು ತಳದಲ್ಲಿ ಕೂಡಿ, ಮೇಲೆ 65 ಡಿಗ್ರಿ ಅಗಲಿ ನಿಲ್ಲುವುದು ಇದರ ಮುಖ್ಯ ಶಾಖೆಯ ಗುರುತು. ಒಂದೂವರೆ ಲೀಟರಿನ ಫಾರ್ಮುಲಾ 2 ಕಾರಿಗೆಂದು ಹುಟ್ಟಿದ ಎಂಜಿನ್ ಮುಂದಿನ ಇಪ್ಪತ್ತೈದು ವರ್ಷ ಫಾರ್ಮುಲಾ 1, ಬೆಟ್ಟ ಹತ್ತುವ ರೇಸು, ಮಾರಾಟದ ಕಾರು, ರ‍್ಯಾಲಿ ಎಲ್ಲೆಡೆ ದುಡಿಯಿತು. ಅದರ ಗಾತ್ರವನ್ನೂ ಅದು ಸೇರುವ ಮನೆಯನ್ನೂ ನಿರ್ಧರಿಸಿದ್ದು ಎಂಜಿನಿಯರುಗಳ ಆಸೆಗಿಂತ ಹೆಚ್ಚಾಗಿ ರೇಸಿನ ನಿಯಮಾವಳಿ.

ಹೆಸರು ಎಂಜೊ ಫೆರಾರಿಯ ಮಗನದು. ಆಲ್ಫ್ರೆಡೊ ಫೆರಾರಿ, ಮನೆಯವರ ಬಾಯಲ್ಲಿ ಡೀನೊ, ಹುಟ್ಟಿದ್ದು 1932ರಲ್ಲಿ. ಸ್ನಾಯುಗಳನ್ನು ಕ್ಷಯಿಸುವ ಡುಶೇನ್ ಕಾಯಿಲೆಯಿಂದ 1956ರ ಜೂನ್ 30ರಂದು, 24ನೇ ವಯಸ್ಸಿನಲ್ಲಿ ತೀರಿಕೊಂಡ. ಹಾಸಿಗೆಯ ಪಕ್ಕದಲ್ಲಿ ನಡೆದ ಚರ್ಚೆಗಳಲ್ಲಿ ವಿ6 ಎಂಜಿನ್ನೇ ಬೇಕೆಂದು ಪಟ್ಟು ಹಿಡಿದವನು ಮಗನೇ ಎಂದು ಎಂಜೊ ಮುಂದೆ ಬರೆದುಕೊಂಡ. ಮಗನನ್ನು ಕಳೆದುಕೊಂಡ ತಂದೆಯ ಮಾತು ಅದು. ಹುಡುಗನ ಆಸಕ್ತಿ ನಿಜವಿದ್ದೀತು. ಆದರೆ ವಿನ್ಯಾಸದ ಶ್ರೇಯಸ್ಸು ಸಲ್ಲಬೇಕಾದ್ದು ಆ ಚರ್ಚೆಗಳಲ್ಲಿ ಎದುರಿಗೆ ಕೂತಿದ್ದ ವಿತ್ತೋರಿಯೊ ಯಾನೊಗೆ.

ಯಾನೊ (1891–1965) ಆ ಹೊತ್ತಿಗೆ ಅರವತ್ತು ದಾಟಿದ್ದ ಹಿರಿಯ. 1923ರಲ್ಲಿ ಫಿಯಟ್ ಬಿಟ್ಟು ಆಲ್ಫಾ ರೋಮಿಯೊ ಸೇರಿ, ಪಿ2 ಮತ್ತು ಪಿ3 ರೇಸ್ ಕಾರುಗಳಿಂದ ಹೆಸರು ಮಾಡಿದ್ದ. 1937ರಲ್ಲಿ ಅಲ್ಲಿಂದ ಹೊರಬಿದ್ದು ಲಾಂಚಿಯಾಕ್ಕೆ ಬಂದಿದ್ದ. ಲಾಂಚಿಯಾಕ್ಕೆ ವಿ6 ಹೊಸದಲ್ಲ. 1950ರ ಔರೇಲಿಯಾ ಕಾರಿಗೆ ಫ್ರಾಂಚೆಸ್ಕೊ ದೆ ವಿರ್ಜಿಲಿಯೊ ರೂಪಿಸಿದ ಎಂಜಿನ್, ದೊಡ್ಡ ಸಂಖ್ಯೆಯಲ್ಲಿ ತಯಾರಾದ ಜಗತ್ತಿನ ಮೊದಲ ವಿ6. 1955ರ ಮೇ 26ರಂದು ಲಾಂಚಿಯಾ ತಂಡದ ಮುಖ್ಯ ಚಾಲಕ ಆಲ್ಬರ್ತೊ ಅಸ್ಕಾರಿ ಮೊಂಝಾದಲ್ಲಿ ಫೆರಾರಿ ಕಾರೊಂದನ್ನು ಓಡಿಸಿ ನೋಡುವಾಗ ಸತ್ತ. ಹಣದ ಮುಗ್ಗಟ್ಟಿನಲ್ಲಿದ್ದ ಲಾಂಚಿಯಾ ರೇಸಿನಿಂದ ಹಿಂದೆ ಸರಿದು, ಜುಲೈನಲ್ಲಿ ತನ್ನ ಡಿ50 ಕಾರುಗಳನ್ನೆಲ್ಲ ಫೆರಾರಿಗೆ ಒಪ್ಪಿಸಿತು. ಕಾರುಗಳ ಹಿಂದೆಯೇ ಯಾನೊ ಮರನೆಲ್ಲೊಗೆ ಬಂದ. ಅದೇ ವರ್ಷ ಅಲ್ಲಿನ ವಿನ್ಯಾಸಕ ಔರೇಲಿಯೊ ಲಾಂಪ್ರೆಡಿ ಫಿಯಟ್ಟಿಗೆ ಹೊರಟ. ಈ ಅದಲುಬದಲಿನ ಫಲ ಹತ್ತು ವರ್ಷಗಳ ನಂತರ ಕಂಡಿತು.

ವಿ6ಕ್ಕೆ ಸಹಜ ಕೋನ 60 ಡಿಗ್ರಿ. ಯಾನೊ ಐದು ಡಿಗ್ರಿ ಹೆಚ್ಚಿಸಿದ್ದು ಎರಡು ಸಾಲುಗಳ ನಡುವೆ ಕಾರ್ಬ್ಯುರೇಟರುಗಳಿಗೆ ಜಾಗ ಮಾಡಲು, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಹೋಗುವ ದಾರಿಯನ್ನು ಆದಷ್ಟು ನೇರವಾಗಿಸಲು. ಹೀಗೆ ಮಾಡಿದರೆ ಸಿಲಿಂಡರುಗಳು ಉರಿಯುವ ಅಂತರ ಏರುಪೇರಾಗುತ್ತದೆ. ಕ್ರ್ಯಾಂಕ್‌ಶಾಫ್ಟಿನ ಪಿನ್ನುಗಳ ಕೋನವನ್ನೂ ಅಷ್ಟೇ ಬದಲಿಸಿ ಅದನ್ನು ಸರಿದೂಗಿಸಲಾಯಿತು. ಪ್ರತಿ ಸಾಲಿಗೆ ಎರಡು ಕ್ಯಾಮ್‌ಶಾಫ್ಟ್, 1,489 ಸಿಸಿ ಗಾತ್ರ, ನಿಮಿಷಕ್ಕೆ 9,000 ಸುತ್ತಿನಲ್ಲಿ ಸುಮಾರು 180 ಅಶ್ವಶಕ್ತಿ. ಡೀನೊ ಸತ್ತ ಐದು ತಿಂಗಳಿಗೆ, 1956ರ ನವೆಂಬರಿನಲ್ಲಿ, ಎಂಜಿನ್ ಮೊದಲ ಬಾರಿ ಸದ್ದು ಮಾಡಿತು. 1957ರ ಜುಲೈನಲ್ಲಿ ಮೋರಿಸ್ ತ್ರಿಂತಿನ್ಯಾನ್ ಫ್ರಾನ್ಸಿನ ರ‍್ಯಾಂಸ್‌ನಲ್ಲಿ ಫಾರ್ಮುಲಾ 2 ರೇಸು ಗೆದ್ದ.

1958ರಲ್ಲಿ ಫಾರ್ಮುಲಾ 1 ಕಾರುಗಳು ಮದ್ಯಸಾರದ ಇಂಧನ ಬಿಟ್ಟು ವಿಮಾನದ ಪೆಟ್ರೋಲನ್ನೇ ಬಳಸಬೇಕೆಂಬ ನಿಯಮ ಬಂತು. ಇಂಗ್ಲೆಂಡಿನ ವ್ಯಾನ್‌ವಾಲ್ ತಂಡ ಎಂಜಿನ್ನನ್ನು ಅವಸರದಲ್ಲಿ ತಿದ್ದಬೇಕಾಯಿತು. ಡೀನೊ ಮೊದಲಿನಿಂದಲೂ ಪೆಟ್ರೋಲಿನಲ್ಲೇ ಬೆಳೆದಿತ್ತು. 2,417 ಸಿಸಿಗೆ ಹಿಗ್ಗಿಸಿದ ಎಂಜಿನ್ ಹೊತ್ತ 246 ಕಾರಿನಲ್ಲಿ ಮೈಕ್ ಹಾಥಾರ್ನ್ ಆ ವರ್ಷದ ವಿಶ್ವ ಚಾಂಪಿಯನ್ ಆದ. ಗೆದ್ದದ್ದು ಒಂದೇ ರೇಸು. ನಾಲ್ಕು ಗೆದ್ದ ಸ್ಟರ್ಲಿಂಗ್ ಮಾಸ್‌ಗೆ 41 ಅಂಕ, ಇವನಿಗೆ 42. ಪೋರ್ಚುಗಲ್ ರೇಸಿನಲ್ಲಿ ಹಾಥಾರ್ನ್‌ನನ್ನು ಅನರ್ಹಗೊಳಿಸಲು ಹೊರಟ ಅಧಿಕಾರಿಗಳ ಮುಂದೆ ಅವನ ಪರ ಸಾಕ್ಷಿ ಹೇಳಿದವನು ಅದೇ ಮಾಸ್. ಆ ಋತು ಫೆರಾರಿಗೆ ಸಂಭ್ರಮದ್ದಾಗಿರಲಿಲ್ಲ: ಜುಲೈನಲ್ಲಿ ರ‍್ಯಾಂಸ್‌ನಲ್ಲಿ ಲುಯಿಜಿ ಮುಸ್ಸೊ, ಆಗಸ್ಟ್‌ನಲ್ಲಿ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ಪೀಟರ್ ಕಾಲಿನ್ಸ್, ಇಬ್ಬರೂ ಇದೇ ಮಾದರಿಯ ಕಾರುಗಳಲ್ಲಿ ಸತ್ತರು. ನಿವೃತ್ತನಾದ ಹಾಥಾರ್ನ್ 1959ರ ಜನವರಿಯಲ್ಲಿ ಸಾಮಾನ್ಯ ರಸ್ತೆಯ ಅಪಘಾತದಲ್ಲಿ ಹೋದ.

1960ರಲ್ಲಿ ಮೊಂಝಾದಲ್ಲಿ ಫಿಲ್ ಹಿಲ್ ಗೆದ್ದ 246, ಮುಂಭಾಗದಲ್ಲಿ ಎಂಜಿನ್ ಇಟ್ಟುಕೊಂಡು ವಿಶ್ವ ಚಾಂಪಿಯನ್‌ಷಿಪ್‌ನ ಗ್ರ್ಯಾನ್ ಪ್ರಿ ಗೆದ್ದ ಕೊನೆಯ ಕಾರು. ಅಲ್ಲಿನ ಇಳಿಜಾರು ತಿರುವುಗಳು ಅಪಾಯಕಾರಿ ಎಂದು ಮುಖ್ಯ ಬ್ರಿಟಿಷ್ ತಂಡಗಳು ಬಂದೇ ಇರಲಿಲ್ಲ. ಗೆಲುವಿನ ತೂಕ ಅಷ್ಟರಮಟ್ಟಿಗೆ ಕಡಿಮೆ. ಮರುವರ್ಷ ಫಾರ್ಮುಲಾ 1ರ ಮಿತಿ ಒಂದೂವರೆ ಲೀಟರಿಗೆ ಇಳಿಯಿತು. ಬ್ರಿಟಿಷರು ನಿಯಮವನ್ನು ವಿರೋಧಿಸುತ್ತ ಕಾಲ ಕಳೆದರು, ಫೆರಾರಿಯ ಕೈಯಲ್ಲಿ ಎಂಜಿನ್ ಸಿದ್ಧವಿತ್ತು. ಅಲ್ಲಿನ ಎಂಜಿನಿಯರ್ ಕಾರ್ಲೊ ಕಿಟಿ ಅದರದೇ 120 ಡಿಗ್ರಿಯ ತಗ್ಗಾದ ರೂಪವನ್ನು ಮಾಡಿದ. ಹಿಲ್ ಚಾಂಪಿಯನ್ ಆದ. ಹಳೆಯ 65 ಡಿಗ್ರಿ ಎಂಜಿನ್ ಕೊಟ್ಟು ಕಳುಹಿಸಿದ್ದ ಹೊಸಬ ಜಾನ್‌ಕಾರ್ಲೊ ಬಗೆಟ್ಟಿ ತನ್ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ರೇಸನ್ನೇ ಗೆದ್ದುಬಿಟ್ಟ.

ಎಂಜಿನ್ ರಸ್ತೆಗಿಳಿದದ್ದೂ ನಿಯಮದಿಂದಲೇ. 1967ರಿಂದ ಫಾರ್ಮುಲಾ 2ರಲ್ಲಿ 1.6 ಲೀಟರಿನ ಎಂಜಿನ್ ಬಳಸಬೇಕು, ಅದರ ಬ್ಲಾಕ್ ವರ್ಷಕ್ಕೆ ಕನಿಷ್ಠ 500 ತಯಾರಾಗುವ ಕಾರಿನದ್ದಾಗಿರಬೇಕು ಎಂದಾಯಿತು. ಅಷ್ಟು ಕಾರು ಮಾಡುವ ತಾಕತ್ತು ಫೆರಾರಿಗೆ ಇರಲಿಲ್ಲ. 1965ರ ಮಾರ್ಚ್‌ನಲ್ಲಿ ಫಿಯಟ್ ಜೊತೆ ಒಪ್ಪಂದವಾಯಿತು. ನಮ್ಮಲ್ಲಿ ಪ್ರೀಮಿಯರ್ ಪದ್ಮಿನಿಯಾಗಿ ಓಡಿದ 1100 ಕಾರಿನ ಅದೇ ಫಿಯಟ್. ರೇಸಿನ ಎಂಜಿನ್ನನ್ನು ಪೇಟೆಯ ಗಿರಾಕಿಗೆ ಒಗ್ಗಿಸುವ ಕೆಲಸ ಲಾಂಪ್ರೆಡಿಯ ಮೇಜಿಗೆ ಬಂತು: ತಾನು ಬಿಟ್ಟು ಬಂದ ಕಾರ್ಖಾನೆಯಲ್ಲಿ, ತನ್ನ ಬಳಿಕ ಬಂದವನು ಮಾಡಿದ ಎಂಜಿನ್. 1966ರ ತುರಿನ್ ಪ್ರದರ್ಶನದಲ್ಲಿ ಫಿಯಟ್ ಡೀನೊ ಸ್ಪೈಡರ್, ಮರುವರ್ಷ ಜಿನೀವಾದಲ್ಲಿ ಬೆರ್ತೋನೆ ವಿನ್ಯಾಸದ ಕೂಪೆ ಬಂದವು. 1,987 ಸಿಸಿ, 160 ಅಶ್ವಶಕ್ತಿ. ಇಷ್ಟೆಲ್ಲ ಹೆಣಗಿದ್ದು ಯಾವುದಕ್ಕೋ ಆ ಫಾರ್ಮುಲಾ 2ರಲ್ಲಿ ಮಾತ್ರ ಡೀನೊ ಹೆಚ್ಚೇನೂ ಸಾಧಿಸಲಿಲ್ಲ. 1968ರಲ್ಲಿ ಹಾಕನ್‌ಹೈಮ್ ಮತ್ತು ವಲ್ಲೆಲುಂಗಾ ಗೆಲುವುಗಳು, ಆ ಬಳಿಕ ಅರ್ಜೆಂಟೀನಾದ ಸರಣಿ, ಅಷ್ಟೇ. ಅದೇ ಕಾರಿಗೆ 2.4 ಲೀಟರ್ ಎಂಜಿನ್ ಕೂರಿಸಿಕೊಂಡು ಕ್ರಿಸ್ ಏಮನ್ 1969ರ ಟಾಸ್ಮನ್ ಸರಣಿ ಗೆದ್ದ.

ಫೆರಾರಿ ತಾನೇ ಮಾರಿದ ಡೀನೊ 206 ಜಿಟಿಯಲ್ಲಿ ಎಂಜಿನ್ ಆಸನಗಳ ಹಿಂದೆ ಅಡ್ಡಲಾಗಿ ಕೂತಿತ್ತು. ಹನ್ನೆರಡು ಸಿಲಿಂಡರ್ ಇಲ್ಲದ್ದಕ್ಕೆ ಫೆರಾರಿ ಹೆಸರನ್ನು ಅದಕ್ಕೆ ಕೊಡಲಿಲ್ಲ. ಮೂತಿಯ ಮೇಲೆ ಡೀನೊನ ಸಹಿ ಮಾತ್ರ. 1969ರಲ್ಲಿ ಬ್ಲಾಕ್ ಅಲ್ಯೂಮಿನಿಯಂನಿಂದ ಎರಕದ ಕಬ್ಬಿಣಕ್ಕೆ ಬದಲಾಗಿ, ಗಾತ್ರ 2,419 ಸಿಸಿಗೆ ಏರಿ 246 ಜಿಟಿ ಹುಟ್ಟಿತು. 1974ರವರೆಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಮಾರಾಟವಾದ ಈ ಕಾರಿನ ಹೆಸರಿನಲ್ಲಿ ಮೊದಲೆರಡು ಅಂಕಿ ಲೀಟರಿನ ಲೆಕ್ಕ, ಕೊನೆಯದು ಸಿಲಿಂಡರಿನದು. 2021ರ 296 ಜಿಟಿಬಿಯ ಹೆಸರಿಗೂ ಇದೇ ಲೆಕ್ಕ.

1969ರಲ್ಲಿ ಫಿಯಟ್ ಫೆರಾರಿಯ ಅರ್ಧ ಪಾಲು ಕೊಂಡಿತು. ಅದೇ ವರ್ಷ ಲಾಂಚಿಯಾವನ್ನೂ ಕೊಂಡಿತು. ಯಾನೊನನ್ನು ಕಳುಹಿಸಿಕೊಟ್ಟ ಮನೆಗೆ ಅವನ ಎಂಜಿನ್ ಹೋಗುವ ದಾರಿ ಹೀಗೆ ತೆರೆಯಿತು. ಚೆಸಾರೆ ಫಿಯೋರಿಯೊ ನೇತೃತ್ವದ ಲಾಂಚಿಯಾ ತಂಡ ರ‍್ಯಾಲಿಗೆಂದೇ ಕಾರೊಂದನ್ನು ಬಯಸಿತ್ತು. ಬೆರ್ತೋನೆಯ ಮಾರ್ಚೆಲ್ಲೊ ಗಾಂದಿನಿ ಬಿಡಿಸಿದ ಸ್ಟ್ರಾಟೋಸ್ ಗಿಡ್ಡ, ಅಗಲ, ಮುಂದಿನ ಚಕ್ರದಿಂದ ಹಿಂದಿನದಕ್ಕೆ ಬರಿ 2.18 ಮೀಟರ್, ಅದರೊಳಗೆ 246ರ ಎಂಜಿನ್. ಗ್ರೂಪ್ 4 ದರ್ಜೆಯ ಮನ್ನಣೆ 1974ರ ಅಕ್ಟೋಬರಿನಲ್ಲಿ ಸಿಕ್ಕಿತು. ಆ ವರ್ಷದಿಂದ ಸಾಲಾಗಿ ಮೂರು ಸಲ ವಿಶ್ವ ರ‍್ಯಾಲಿಯ ತಯಾರಕರ ಪ್ರಶಸ್ತಿ ಲಾಂಚಿಯಾಕ್ಕೆ. 1975ರಿಂದ 77ರವರೆಗೆ ಸಾಂದ್ರೊ ಮುನಾರಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಬಿಡದೆ ಗೆದ್ದ. ಬಳಿಕ ಫಿಯಟ್ ಪ್ರಚಾರದ ದೃಷ್ಟಿಯಿಂದ ತನ್ನ 131 ಕಾರನ್ನು ಮುಂದಕ್ಕೆ ತಂದು ಸ್ಟ್ರಾಟೋಸನ್ನು ಬದಿಗಿಟ್ಟಿತು. ಖಾಸಗಿ ತಂಡಗಳು ಬಿಡಲಿಲ್ಲ. ಫ್ರಾನ್ಸಿನ ಬೆರ್ನಾರ್ ದಾರ್ನಿಶ್ 1979ರಲ್ಲಿ ಮಾಂಟೆ ಕಾರ್ಲೊವನ್ನೂ 1981ರಲ್ಲಿ ಕಾರ್ಸಿಕಾದ ರ‍್ಯಾಲಿಯನ್ನೂ ಇದರಲ್ಲೇ ಗೆದ್ದ. 1982ರಲ್ಲಿ ಗ್ರೂಪ್ 4ರ ಜಾಗಕ್ಕೆ ಗ್ರೂಪ್ ಬಿ ನಿಯಮಗಳು ಬಂದವು.