ಟರ್ಬೊ ಎಂಜಿನ್‌ಗಳಿಗೆ ಆಯಿಲ್ ಕ್ಯಾಚ್ ಕ್ಯಾನ್: ಯಾವ ವಾಹನಕ್ಕೆ ಬೇಕು, ಹೇಗೆ ಬಳಸಬೇಕು

ಹಾಸನದ ಮಾರುಕಟ್ಟೆಗೆ ಆಲೂಗಡ್ಡೆ, ರಾಮನಾಥಪುರದ ಹರಾಜು ಕಟ್ಟೆಗೆ ತಂಬಾಕು, ಅರಕಲಗೂಡು ಮತ್ತು ಹೊಳೆನರಸೀಪುರದ ಹೊಲಗಳಿಂದ ಶುಂಠಿ, ಚನ್ನರಾಯಪಟ್ಟಣದ ತೋಟಗಳಿಂದ ತೆಂಗಿನಕಾಯಿ, ಹೀಗೆ ಈ ನಾಲ್ಕು ತಾಲ್ಲೂಕುಗಳ ಬೆಳೆಯು ಇಂದು ಹೆಚ್ಚಾಗಿ ಪಿಕಪ್ ವಾಹನಗಳಲ್ಲಿ ಸಾಗುತ್ತದೆ. ಇವುಗಳಲ್ಲಿ ಅನೇಕವು ಟರ್ಬೊ ಡೀಸೆಲ್ ಎಂಜಿನ್ ಹೊಂದಿವೆ. ಭತ್ತ ಮತ್ತು ರಾಗಿಯ ಕಟಾವಿಗೆ ಬರುವ ಕಂಬೈನ್ ಹಾರ್ವೆಸ್ಟರ್‌ಗಳಲ್ಲಿಯೂ ಹೆಚ್ಚು ಶಕ್ತಿಯ ಕೆಲವು ಟ್ರ್ಯಾಕ್ಟರ್‌ಗಳಲ್ಲಿಯೂ ಟರ್ಬೊ ಇರುತ್ತದೆ. ಕಟಾವಿನ ವಾರದಲ್ಲಿ ಟರ್ಬೊ ಕೈಕೊಟ್ಟರೆ ದುರಸ್ತಿಯ ಖರ್ಚಿಗಿಂತಲೂ, ಮಾಗಿದ ಬೆಳೆಯು ಹೊಲದಲ್ಲಿಯೇ ಮಳೆಗೆ ಸಿಕ್ಕುವ ನಷ್ಟವೇ ದೊಡ್ಡದು. ಈ ಭಯದಿಂದ ಕೆಲವು ವಾಹನ ಮಾಲೀಕರು ಆಯಿಲ್ ಕ್ಯಾಚ್ ಕ್ಯಾನ್ ಎಂಬ ಸಣ್ಣ ಡಬ್ಬಿಯನ್ನು ಎಂಜಿನ್ನಿಗೆ ಜೋಡಿಸಲು ಮುಂದಾಗುತ್ತಾರೆ. ಸರಿಯಾದ ವಾಹನಕ್ಕೆ ಸರಿಯಾಗಿ ಜೋಡಿಸಿ, ಕಾಲಕಾಲಕ್ಕೆ ಖಾಲಿ ಮಾಡಿದರೆ ಮಾತ್ರ ಇದು ಉಪಯುಕ್ತ. ಮರೆತುಬಿಟ್ಟ ಕ್ಯಾಚ್ ಕ್ಯಾನ್, ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಎಂಜಿನ್ನಿನ ಉಸಿರು

ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗ ಉಂಟಾಗುವ ಒತ್ತಡದ ಅನಿಲದಲ್ಲಿ ಸ್ವಲ್ಪ ಭಾಗವು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಕ್ರ್ಯಾಂಕ್‌ಕೇಸ್ ಸೇರುತ್ತದೆ. ಇದಕ್ಕೆ ಬ್ಲೋ-ಬೈ ಎಂದು ಹೆಸರು. ಹೊಸ ಎಂಜಿನ್ನಿನಲ್ಲಿಯೂ ಇದು ಇದ್ದೇ ಇರುತ್ತದೆ; ರಿಂಗು ಸವೆದಂತೆ ಹೆಚ್ಚುತ್ತದೆ. ಈ ಅನಿಲವು ಬಿಸಿ ಆಯಿಲ್‌ನ ಸೂಕ್ಷ್ಮ ಹನಿಗಳನ್ನೂ ಮಸಿಯನ್ನೂ ನೀರಾವಿಯನ್ನೂ ಹೊತ್ತುಕೊಂಡು ಬ್ರೀದರ್ ಕೊಳವೆಯ ಮೂಲಕ ಹೊರಬರುತ್ತದೆ. ನೀರಾವಿ ಎಲ್ಲಿಂದ ಬಂತೆಂದು ಆಶ್ಚರ್ಯಪಡಬೇಕಾಗಿಲ್ಲ. ಒಂದು ಲೀಟರ್ ಡೀಸೆಲ್ ಪೂರ್ತಿಯಾಗಿ ಉರಿದರೆ ಸುಮಾರು ಒಂದು ಲೀಟರ್ ನೀರಿಗೆ ಸಮನಾದ ಆವಿ ಹುಟ್ಟುತ್ತದೆ.

ಟರ್ಬೊ ಇರುವ ವಾಹನಗಳಲ್ಲಿ ಬ್ರೀದರ್ ಕೊಳವೆಯನ್ನು ಸಾಮಾನ್ಯವಾಗಿ ಏರ್ ಫಿಲ್ಟರ್ ಮತ್ತು ಟರ್ಬೊಗಳ ನಡುವಿನ ಗಾಳಿಕೊಳವೆಗೆ ಜೋಡಿಸಿರುತ್ತಾರೆ. ಅಲ್ಲಿರುವ ಸೆಳೆತದಿಂದ ಆಯಿಲ್ ಮಂಜು ಟರ್ಬೊ ಚಕ್ರವನ್ನು ದಾಟಿ ಇಂಟರ್‌ಕೂಲರಿನ ಒಳಗೋಡೆಗೆ ಅಂಟುತ್ತದೆ, ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ, ಇಜಿಆರ್ ಮೂಲಕ ಬರುವ ಮಸಿಯೊಂದಿಗೆ ಬೆರೆತು ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಕಪ್ಪು ಜಿಡ್ಡಾಗಿ ಗಟ್ಟಿಯಾಗುತ್ತದೆ. ಗಾಳಿಯ ದಾರಿ ಕಿರಿದಾದಷ್ಟೂ ಎಂಜಿನ್ನಿನ ಎಳೆತ ಕುಗ್ಗಿ ಕಪ್ಪು ಹೊಗೆ ಹೆಚ್ಚುತ್ತದೆ. ಕ್ಯಾಚ್ ಕ್ಯಾನ್ ಈ ಬ್ರೀದರ್ ಕೊಳವೆಯ ನಡುವೆ ಕುಳಿತುಕೊಳ್ಳುವ ಡಬ್ಬಿ. ಅದರೊಳಗಿನ ತಡೆಹಲಗೆ ಅಥವಾ ಜಾಲರಿಗೆ ತಾಗಿ ಹನಿಗಳು ಒಂದುಗೂಡಿ ತಳಕ್ಕಿಳಿಯುತ್ತವೆ. ಅನಿಲವು ಮುಂದೆ ಹೋಗುತ್ತದೆ.

ಯಾರಿಗೆ ಬೇಕಾಗಿಲ್ಲ

ನಮ್ಮ ರೈತರಲ್ಲಿರುವ ಬಹಳಷ್ಟು ಸಣ್ಣ ಮತ್ತು ಮಧ್ಯಮ ಟ್ರ್ಯಾಕ್ಟರ್‌ಗಳಿಗೆ ಟರ್ಬೊ ಇಲ್ಲ; ಹಳೆಯ ಮಾದರಿಗಳಲ್ಲಿ ಬ್ರೀದರ್ ಕೊಳವೆಯು ನೇರವಾಗಿ ನೆಲದ ಕಡೆಗೆ ತೆರೆದಿರುತ್ತದೆ. ಇಂಥ ಎಂಜಿನ್ನಿಗೆ ಕ್ಯಾಚ್ ಕ್ಯಾನ್ ಹಾಕುವುದು ಹಣದ ವ್ಯರ್ಥ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಾಕಾರದ ಎರಕದ ಭಾಗವಿದ್ದರೆ ಅದು ಟರ್ಬೊ. ಇಲ್ಲವಾದರೆ ಈ ಲೇಖನದ ಉಳಿದ ಭಾಗವು ನಿಮ್ಮ ಎಂಜಿನ್ನಿಗೆ ಅನ್ವಯಿಸುವುದಿಲ್ಲ.

ಹೊಸ ವಾಹನಗಳ ವಿಷಯ ಬೇರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ವಾಹನಗಳಲ್ಲಿ ಆಯಿಲ್ ಬೇರ್ಪಡಿಸುವ ವ್ಯವಸ್ಥೆಯನ್ನು ಸಾಮಾನ್ಯವಾಗಿ ತಯಾರಕರೇ ಒದಗಿಸಿರುತ್ತಾರೆ. 50 ಅಶ್ವಶಕ್ತಿಗೂ ಮೇಲ್ಪಟ್ಟ ಹೊಸ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್-4 ಮಾನದಂಡ ಅನ್ವಯವಾಗಿದೆ. ವಾರಂಟಿ ಅವಧಿಯಲ್ಲಿ ಇವುಗಳ ಬ್ರೀದರ್ ಕೊಳವೆಯನ್ನು ಕತ್ತರಿಸುವುದು ಸಲ್ಲದು. ತಯಾರಕರ ವಿವರಣೆಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ನಿರ್ಬಂಧವಿದೆ ಎಂಬುದನ್ನೂ ನೆನಪಿಡಬೇಕು. ಆದುದರಿಂದ ಕ್ಯಾಚ್ ಕ್ಯಾನ್ ಮುಖ್ಯವಾಗಿ ವಾರಂಟಿ ಮುಗಿದ, ಸಾಕಷ್ಟು ಓಡಿದ, ಆದರೆ ರಿಂಗುಗಳು ಇನ್ನೂ ಗಟ್ಟಿಯಾಗಿರುವ ಟರ್ಬೊ ಎಂಜಿನ್ನಿಗೆ ಹೊಂದುವ ಸಾಧನ. ಅಂಥ ವಾಹನಕ್ಕೂ ಅಧಿಕೃತ ಸೇವಾಕೇಂದ್ರದ ಸಲಹೆ ಪಡೆದು ಮುಂದುವರಿಯುವುದು ಸೂಕ್ತ.

ಮೊದಲು ಏರ್ ಫಿಲ್ಟರ್ ನೋಡಿ

ಟರ್ಬೊ ಕೊಳವೆಯಲ್ಲಿ ಆಯಿಲ್ ಕಂಡೊಡನೆ ಬ್ರೀದರ್ ಮೇಲೆ ಆರೋಪ ಹೊರಿಸುವುದು ವಾಡಿಕೆ. ನಮ್ಮ ಭಾಗದಲ್ಲಿ ಅದಕ್ಕೆ ಅನೇಕ ವೇಳೆ ಕಾರಣ ಧೂಳು. ಕೆಂಪು ಮಣ್ಣಿನ ಹೊಲದ ದಾರಿ, ರಾಗಿ ಕಟಾವಿನ ಹೊಟ್ಟು, ಮುಸುಕಿನ ಜೋಳ ಬಿಡಿಸುವ ಕಣದ ಧೂಳು ಇವೆಲ್ಲ ಏರ್ ಫಿಲ್ಟರನ್ನು ಬೇಗನೆ ಕಟ್ಟಿಸುತ್ತವೆ. ಫಿಲ್ಟರ್ ಕಟ್ಟಿದರೆ ಟರ್ಬೊದ ಬಾಯಲ್ಲಿ ಸೆಳೆತ ಹೆಚ್ಚುತ್ತದೆ. ಆ ಸೆಳೆತವೇ ಬ್ರೀದರಿನಿಂದಲೂ ಟರ್ಬೊದ ಸೀಲಿನಿಂದಲೂ ಆಯಿಲನ್ನು ಎಳೆಯುತ್ತದೆ. ಫಿಲ್ಟರ್ ಬದಲಾಯಿಸಿದರೆ ನಿಲ್ಲುವ ತೊಂದರೆಗೆ ಡಬ್ಬಿ ಏಕೆ ಬೇಕು? ಫಿಲ್ಟರನ್ನು ಟೈರಿಗೆ ಬಡಿದು ಕೊಡವುವ ಅಭ್ಯಾಸವನ್ನೂ ಕೈಬಿಡಬೇಕು. ಅದರಿಂದ ಕಾಗದದ ಮಡಿಕೆ ಹರಿದು ಧೂಳು ಒಳಹೋಗಿ ರಿಂಗುಗಳನ್ನೇ ಸವೆಸುತ್ತದೆ.

ಅನಂತರ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ನೋಡಿರಿ. ಗರಿಷ್ಠ ಗೆರೆಗಿಂತ ಮೇಲೆ ತುಂಬಿಸಿದ್ದರೂ ಬ್ರೀದರ್ ಆಯಿಲ್ ಉಗುಳುತ್ತದೆ. ಎಂಜಿನ್ ಬಿಸಿಯಾದ ಮೇಲೆ, ನಿಧಾನಗತಿಯಲ್ಲಿ ಓಡುತ್ತಿರುವಾಗ, ಆಯಿಲ್ ತುಂಬಿಸುವ ಮುಚ್ಚಳವನ್ನು ಜಾಗರೂಕತೆಯಿಂದ ಸಡಿಲಿಸಿದರೆ ತೆಳುವಾದ ಆವಿ ಬರುವುದು ಸಹಜ. ರಭಸವಾಗಿ, ಏಟಿನ ಮೇಲೆ ಏಟಿನಂತೆ ಹೊಗೆ ಉಕ್ಕಿದರೆ ರಿಂಗು ಅಥವಾ ಲೈನರ್ ಸವೆದಿರುವ ಸಂಭವವಿದೆ. ಅಂಥ ಎಂಜಿನ್ನಿಗೆ ಬೇಕಾದುದು ದುರಸ್ತಿ. ಡಬ್ಬಿಯು ರೋಗವನ್ನು ಮರೆಮಾಚುತ್ತದೆ, ಅಷ್ಟೆ.

ಜೋಡಣೆಯಲ್ಲಿ ಎಚ್ಚರಿಕೆ

ಒಳಗೆ ಏನೂ ಇಲ್ಲದ ಪೊಳ್ಳು ಡಬ್ಬಿಯು ಹನಿಗಳನ್ನು ಅಷ್ಟಾಗಿ ಹಿಡಿಯದು. ತಡೆಹಲಗೆ ಮತ್ತು ಜಾಲರಿ ಇರುವ, ತಳದಲ್ಲಿ ಗಟ್ಟಿಯಾದ ನಲ್ಲಿಯುಳ್ಳ ಲೋಹದ ಡಬ್ಬಿಯನ್ನೇ ಆರಿಸಬೇಕು. ಅದರ ಬಾಯಿ ಹಾಗೂ ಕೊಳವೆಗಳ ಒಳವ್ಯಾಸವು ಮೂಲ ಬ್ರೀದರ್ ಕೊಳವೆಗಿಂತ ಕಿರಿದಾಗಿರಬಾರದು. ಮನೆಯಲ್ಲಿ ಉಳಿದ ಹನಿ ನೀರಾವರಿಯ ಪೈಪಿನ ತುಂಡನ್ನು ಇದಕ್ಕೆ ಬಳಸುವ ಆಲೋಚನೆ ಬರಬಹುದು. ಬಿಸಿ ಆಯಿಲ್ ಆವಿಗೆ ಅದು ತಾಳುವುದಿಲ್ಲ. ಆಯಿಲ್ ನಿರೋಧಕ ರಬ್ಬರ್ ಕೊಳವೆಯೇ ಆಗಬೇಕು.

ಡಬ್ಬಿಯನ್ನು ಟರ್ಬೊ ಮತ್ತು ಎಕ್ಸಾಸ್ಟ್‌ನಿಂದ ದೂರದಲ್ಲಿ, ಗಾಳಿ ತಾಗುವ ಕಡೆ ಬಿಗಿಯಬೇಕು. ಬಿಸಿ ಲೋಹದ ಮೇಲೆ ಆಯಿಲ್ ತೊಟ್ಟಿಕ್ಕಿದರೆ ಬೆಂಕಿಯ ಅಪಾಯವಿದೆ. ಡಬ್ಬಿ ತಂಪಾಗಿದ್ದಷ್ಟೂ ಆವಿಯು ಚೆನ್ನಾಗಿ ಹನಿಗಟ್ಟುತ್ತದೆ. ಕೊಳವೆಯು ಎಲ್ಲಿಯೂ ಜೋತುಬಿದ್ದು ಆಯಿಲ್ ನಿಲ್ಲುವ ತಗ್ಗಾಗಬಾರದು. ಡಬ್ಬಿಯಿಂದ ಹೊರಟ ಕೊಳವೆಯನ್ನು ಟರ್ಬೊಗಿಂತ ಮುಂಚಿನ ಮೂಲ ಜಾಗಕ್ಕೇ ಹಿಂತಿರುಗಿಸಬೇಕು. ಟರ್ಬೊ ದಾಟಿದ ಮೇಲಿನ ಕೊಳವೆಯಲ್ಲಿ ಒತ್ತಡವಿರುವುದರಿಂದ ಅಲ್ಲಿ ಜೋಡಿಸಿದರೆ ಗಾಳಿಯು ಹಿಮ್ಮುಖವಾಗಿ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಇನ್ನೊಂದು ಸೂಕ್ಷ್ಮವನ್ನು ಮೆಕ್ಯಾನಿಕ್‌ಗಳೂ ಮರೆಯುವುದುಂಟು: ಈ ಭಾಗವು ಏರ್ ಫಿಲ್ಟರಿನ ಆಚೆಗಿರುವುದರಿಂದ, ಸಡಿಲವಾದ ಒಂದು ಕ್ಲಾಂಪು ಅಥವಾ ಸರಿಯಾಗಿ ಮುಚ್ಚದ ನಲ್ಲಿಯ ಮೂಲಕ ಸೋಸದ ಧೂಳು ನೇರವಾಗಿ ಟರ್ಬೊ ಸೇರುತ್ತದೆ. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಬಲ್ಲ ಚಕ್ರಕ್ಕೆ ಮರಳಿನ ಕಣವು ಮಾಡುವ ಹಾನಿ, ಆಯಿಲ್ ಮಂಜು ಮಾಡುವುದಕ್ಕಿಂತ ಎಷ್ಟೋ ಹೆಚ್ಚು.

ಖಾಲಿ ಮಾಡುವುದು, ಓದಿಕೊಳ್ಳುವುದು

ಜೋಡಿಸಿದ ಮೊದಲಲ್ಲಿ ವಾರಕ್ಕೊಮ್ಮೆ ಎಂಜಿನ್ ನಿಲ್ಲಿಸಿ, ತಣಿದ ಮೇಲೆ ನಲ್ಲಿ ತಿರುಗಿಸಿ ನೋಡಬೇಕು. ಎಷ್ಟು ಸಂಗ್ರಹವಾಗುತ್ತದೆ ಎಂಬ ಅಂದಾಜು ಸಿಕ್ಕ ಬಳಿಕ ಅಂತರವನ್ನು ಹೆಚ್ಚಿಸಬಹುದು. ಆದರೆ ಮುಂಗಾರಿನಲ್ಲೂ ಮಾಗಿಯ ಚಳಿಯಲ್ಲೂ ವಾರದ ಕ್ರಮವನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಬೆಳಗಿನ ಜಾವ ಡೇರಿಗೆ ಹಾಲು ಹಾಕಿ ಎರಡು ಮೂರು ಕಿಲೋಮೀಟರ್‌ನಲ್ಲಿ ಹಿಂತಿರುಗುವ ವಾಹನದ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಡಬ್ಬಿಯಲ್ಲಿ ನೀರು ಮತ್ತು ಆಯಿಲ್ ಬೆರೆತು ಕಾಫಿ ಬಣ್ಣದ ಮಜ್ಜಿಗೆಯಂಥ ದ್ರವ ತುಂಬುತ್ತದೆ. ಡಬ್ಬಿಯಲ್ಲಿ ಮಾತ್ರ ಹೀಗಿದ್ದರೆ ಗಾಬರಿ ಬೇಡ. ಡಿಪ್‌ಸ್ಟಿಕ್ಕಿನಲ್ಲೂ ಇದೇ ಬಣ್ಣ ಕಂಡು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಆಗುವವರೆಗೆ ವಾಹನ ಓಡಿಸಬಾರದು.

ಸಿಕ್ಕಿದ ಪ್ರಮಾಣವನ್ನು, ಓಡಿದ ಕಿಲೋಮೀಟರ್ ಅಥವಾ ಗಂಟೆಯೊಂದಿಗೆ, ಒಂದು ಪುಸ್ತಕದಲ್ಲಿ ಬರೆದಿಡಿರಿ. ನನ್ನ ದೃಷ್ಟಿಯಲ್ಲಿ ಕ್ಯಾಚ್ ಕ್ಯಾನ್‌ನ ದೊಡ್ಡ ಪ್ರಯೋಜನ ಇದೇ. ಅದೇ ಕೆಲಸಕ್ಕೆ ಹಿಂದಿನದಕ್ಕಿಂತ ಹೆಚ್ಚು ಆಯಿಲ್ ಸಿಗತೊಡಗಿದರೆ ರಿಂಗು ಸವೆತದ ಸುಳಿವು ಕಟಾವಿಗೆ ಮುಂಚೆಯೇ ಸಿಕ್ಕಂತಾಯಿತು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿಗೆ ಇಂಥ ದಾಖಲೆ ಇನ್ನೂ ಹೆಚ್ಚು ಉಪಯುಕ್ತ.

ಖಾಲಿ ಮಾಡದೆ ಬಿಟ್ಟರೆ ಜಾಲರಿ ಕಟ್ಟಿಕೊಂಡು ಕ್ರ್ಯಾಂಕ್‌ಕೇಸಿನ ಒತ್ತಡ ಏರುತ್ತದೆ. ಡಿಪ್‌ಸ್ಟಿಕ್ ಮೇಲೆದ್ದು ಬರುವುದು, ಸೀಲುಗಳಲ್ಲಿ ಆಯಿಲ್ ಜಿನುಗುವುದು ಇದರ ಲಕ್ಷಣ. ಟರ್ಬೊಗೆ ಹೋದ ಆಯಿಲ್ ತನ್ನ ಭಾರದಿಂದಲೇ ಕೆಳಗಿಳಿಯಬೇಕಾದುದರಿಂದ, ಕೆಳಗೆ ಒತ್ತಡವಿದ್ದಾಗ ಅದು ಇಳಿಯದೆ ಗಾಳಿಕೊಳವೆಗೆ ನುಗ್ಗುತ್ತದೆ; ಯಾವುದನ್ನು ತಡೆಯಲು ಡಬ್ಬಿ ತಂದೆವೋ ಅದನ್ನೇ ಡಬ್ಬಿ ಉಂಟುಮಾಡುತ್ತದೆ. ತುಂಬಿದ ಡಬ್ಬಿಯ ಆಯಿಲ್ ಒಮ್ಮೆಲೇ ಎಂಜಿನ್ ಸೇರಿದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ವೇಗ ಹೆಚ್ಚಿಸಿಕೊಳ್ಳುವ ಅಪಾಯವೂ ಉಂಟು. ಆಗ ಕೀ ತಿರುಗಿಸಿದರೂ ಎಂಜಿನ್ ನಿಲ್ಲದು. ಗೇರ್ ಇರುವ ವಾಹನವಾದರೆ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಅಡಗಿಸಬೇಕು. ಇಲ್ಲವೇ ಗಾಳಿ ಒಳಹೋಗುವ ಬಾಯಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಬೇಕು. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಎಂದಿಗೂ ಒಡ್ಡಬಾರದು. ಎರಡೂ ಸಾಧ್ಯವಾಗದಿದ್ದರೆ ಎಲ್ಲರೂ ದೂರ ಸರಿಯಬೇಕು.

ಸಂಗ್ರಹವಾದ ಆಯಿಲ್

ಡಬ್ಬಿಯಲ್ಲಿ ಸಿಕ್ಕ ಆಯಿಲನ್ನು ಮತ್ತೆ ಎಂಜಿನ್ನಿಗೆ ಸುರಿಯಬಾರದು. ಅದರಲ್ಲಿ ನೀರೂ ಆಮ್ಲೀಯ ಅಂಶವೂ ಸೇರಿರುತ್ತವೆ. ಗೆದ್ದಲು ಹತ್ತದಿರಲೆಂದು ಇಂಥ ಹಳೆಯ ಆಯಿಲನ್ನು ತೆಂಗಿನ ಬುಡಕ್ಕೆ ಬಳಿಯುವ ಅಥವಾ ಸುರಿಯುವ ರೂಢಿಯನ್ನು ಬಿಡಬೇಕು. ತೆಂಗಿನ ಚುರುಕಾದ ಬೇರುಗಳು ಹೆಚ್ಚಾಗಿ ಬುಡದಿಂದ ಸುಮಾರು 2 ಮೀಟರ್ ಒಳಗೇ ಹರಡಿರುತ್ತವೆ. ಆಯಿಲ್ ಲೇಪವಾದ ಮಣ್ಣು ನೀರನ್ನು ಹೀರದು, ಬೇರಿಗೆ ಗಾಳಿ ದೊರೆಯದು, ಮಣ್ಣಿನ ಜೀವಿಗಳು ನಶಿಸುತ್ತವೆ. ಹೇಮಾವತಿ ನಾಲೆಗೆ, ಕೆರೆಯ ತೂಬಿನ ಬಳಿಗೆ ಚೆಲ್ಲುವುದಂತೂ ಕೂಡದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿತವಾಗಿದೆ. ಮುಚ್ಚಳವಿರುವ ಕ್ಯಾನಿನಲ್ಲಿ, ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಕೂಡಿಟ್ಟು, ಮುಂದಿನ ಸರ್ವಿಸ್ ದಿನ ಬದಲಾಯಿಸಿದ ಎಂಜಿನ್ ಆಯಿಲ್‌ನೊಂದಿಗೆ ಸೇವಾಕೇಂದ್ರದ ಸಂಗ್ರಹಕ್ಕೆ ಒಪ್ಪಿಸಬೇಕು. ಕೀಟನಾಶಕದ ಖಾಲಿ ಡಬ್ಬಿಯನ್ನು ಇದಕ್ಕೆ ಬಳಸಬಾರದು.