ಊರಿನ ಪ್ರಶ್ನೆ, ವಿದ್ಯಾಲಯದ ಉತ್ತರ: ಜನೋಪಯೋಗಿ ಸಂಶೋಧನಾ ಕೇಂದ್ರಗಳ ಪರಿಚಯ

ಮಾದಾಪುರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಸುತ್ತಲಿನ ಸಾಫ್ಟ್‌ವೇರ್ ಕಚೇರಿಗಳು ಚಿರಪರಿಚಿತ. ಆದರೆ ಸೈಬರ್ ಟವರ್ಸ್ ತಲೆಯೆತ್ತಿದ 1998ರಲ್ಲೇ ನೆರೆಯ ಗಚ್ಚಿಬೌಲಿಯಲ್ಲಿ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ (ಐಐಐಟಿ) ಆರಂಭವಾಯಿತೆಂಬುದು ಅನೇಕರಿಗೆ ತಿಳಿಯದು. ಅಲ್ಲೇ ಸಮೀಪದ ಹೈದರಾಬಾದ್ ವಿಶ್ವವಿದ್ಯಾಲಯ ಇನ್ನೂ ಹಿರಿಯದು, 1974ರದು. ಇಂಥ ವಿದ್ಯಾಸಂಸ್ಥೆಗಳ ಸಂಶೋಧನಾ ಕೇಂದ್ರಗಳಿಂದ ಸರ್ಕಾರದ ನೀತಿಗೂ ಜನಸಾಮಾನ್ಯರ ಬದುಕಿಗೂ ದೊರೆಯುವ ಪ್ರಯೋಜನವೇನೆಂಬುದನ್ನು ನಾವಿಲ್ಲಿ ಸಂಗ್ರಹವಾಗಿ ನಿರೂಪಿಸಿದ್ದೇವೆ.

ಸಂಶೋಧನಾ ಕೇಂದ್ರವೆಂದರೇನು?

ವಿಶ್ವವಿದ್ಯಾಲಯದ ವಿಭಾಗವೊಂದು ಮುಖ್ಯವಾಗಿ ಪಾಠ ಹೇಳುತ್ತದೆ, ಪದವಿ ನೀಡುತ್ತದೆ. ಸಂಶೋಧನಾ ಕೇಂದ್ರದ ಕೆಲಸವಾದರೋ ಹಲವು ಬಾರಿ ಹೊರಗಿನಿಂದ ಬಂದ ಪ್ರಶ್ನೆಯಿಂದ ಮೊದಲಾಗುತ್ತದೆ. ಯಾವ ತಾಲ್ಲೂಕಿಗೆ ಅನುದಾನ ಹೆಚ್ಚು ಬೇಕು? ಬೆಳೆ ಏಕೆ ಒಣಗುತ್ತಿದೆ? ಒಬ್ಬ ಅರ್ಥಶಾಸ್ತ್ರಜ್ಞ ಅಥವಾ ಒಬ್ಬ ಎಂಜಿನಿಯರ್ ಇವುಗಳಿಗೆ ಒಂಟಿಯಾಗಿ ಉತ್ತರಿಸಲಾರರು. ಆದ್ದರಿಂದಲೇ ಹಲವು ಶಾಸ್ತ್ರಗಳವರು ಕೇಂದ್ರದಲ್ಲಿ ಒಟ್ಟುಗೂಡುತ್ತಾರೆ. ಬೆಂಗಳೂರಿನಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ (ಐಸೆಕ್), ಹೈದರಾಬಾದಿನ ಬೇಗಂಪೇಟೆಯಲ್ಲಿರುವ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಕೇಂದ್ರ (1980) ಇವು ನೀತಿ ಸಂಶೋಧನೆಗೆಂದೇ ಹುಟ್ಟಿದವು.

ಪುರ ಗ್ರಾಮದ ಪಾಠ

ಕರ್ನಾಟಕದ ಮಟ್ಟಿಗೆ ಈ ಬಗೆಯ ಕೆಲಸದಲ್ಲಿ ಮೊದಲು ನೆನೆಯಬೇಕಾದುದು 'ಅಸ್ತ್ರ'. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದನ್ನು ಆರಂಭಿಸಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಇದರ ವಿಸ್ತರಣಾ ಕೇಂದ್ರ ತೆರೆಯಿತು. ಸುತ್ತಲಿನ ಹಳ್ಳಿಗಳ ಇಂಧನ ಬಳಕೆಯನ್ನು ಲೆಕ್ಕಹಾಕಿದಾಗ ಅದರ ಬಹುಪಾಲು ಸೌದೆಯೆಂದೂ, ಅದು ಅಡುಗೆಗೇ ವ್ಯಯವಾಗುತ್ತಿದೆಯೆಂದೂ, ಸೌದೆ ತರುವ ಹೊರೆ ಹೆಂಗಸರು ಮಕ್ಕಳ ಮೇಲೆ ಬೀಳುತ್ತಿದೆಯೆಂದೂ ತಿಳಿದುಬಂತು. ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ 'ಅಸ್ತ್ರ ಒಲೆ' ಈ ಲೆಕ್ಕದ ಫಲ. ನಮ್ಮ ಓದುಗರಲ್ಲಿ ಕೆಲವರ ಊರಿನ ಮನೆಗಳಲ್ಲಿ ಅದು ಇದ್ದಿರಲೂಬಹುದು.

ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಸಗಣಿಯಿಂದ ಗೋಬರ್ ಗ್ಯಾಸ್ ತಯಾರಿಸಿ ಮನೆಮನೆಗೆ ಅಡುಗೆಗೆ ಒದಗಿಸುವುದು ವಿಜ್ಞಾನಿಗಳ ಮೊದಲ ಯೋಜನೆ. ಎಲ್ಲರ ಅಡುಗೆಗೆ ಸಾಲುವಷ್ಟು ಸಗಣಿ ದೊರೆಯಲಿಲ್ಲ. ಊರವರಿಗೆ ಬೇಕಿದ್ದುದಾದರೂ ಕುಡಿಯುವ ನೀರು ಮತ್ತು ಬೆಳಕು. 1987ರಲ್ಲಿ ಯೋಜನೆಯ ದಿಕ್ಕನ್ನೇ ಬದಲಿಸಲಾಯಿತು. ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ಉತ್ಪಾದಿಸಿದರು. ಮನೆಗಳಿಗೆ ದೀಪ, ನಲ್ಲಿಗೆ ನೀರು ಬಂತು. ಸಗಣಿ ಕೊಟ್ಟವರಿಗೆ ಪ್ರತಿಫಲವೂ ಗೊಬ್ಬರವೂ ಸಲ್ಲುತ್ತಿದ್ದವು. ಉಸ್ತುವಾರಿ ಗ್ರಾಮಸ್ಥರದೇ. ಹಲವು ವರ್ಷ ನಡೆದು ಆ ವ್ಯವಸ್ಥೆ ನಿಂತಿತಾದರೂ, ಜನರ ಬೇಡಿಕೆಗೆ ಕಿವಿಗೊಟ್ಟಾಗಲೇ ಅದು ಊರಿನ ಸೊತ್ತಾಯಿತೆಂಬುದನ್ನು ಮರೆಯುವಂತಿಲ್ಲ. 'ಅಸ್ತ್ರ' ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿ ಮುಂದುವರಿದಿದೆ.

ಪಟಾನ್‌ಚೆರುವಿನಿಂದ ಕಲಬುರಗಿಗೆ

ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ (1972) ವಿಶ್ವವಿದ್ಯಾಲಯವಲ್ಲ; ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಸ್ಥೆ. ಕಲಬುರಗಿಯ ತೊಗರಿ ರೈತನಿಗೆ ಅದರ ಉಪಕಾರ ದೊಡ್ಡದು. ಮಣ್ಣಿನಲ್ಲಿರುವ ಶಿಲೀಂಧ್ರದಿಂದ ತಗಲುವ ನೆಟೆ ರೋಗಕ್ಕೆ ಬೆಳೆದುನಿಂತ ಗಿಡ ಹೂ ಕಾಯಿಯ ಹೊತ್ತಿಗೆ ಒಣಗಿಬಿಡುತ್ತದೆ. ಅಷ್ಟು ಹೊತ್ತಿಗೆ ಮರುಬಿತ್ತನೆಗೂ ಕಾಲ ಮೀರಿರುತ್ತದೆ. ಈ ರೋಗವನ್ನು ತಾಳಿಕೊಳ್ಳುವ 'ಮಾರುತಿ' ಎಂಬ ತೊಗರಿ ತಳಿ ಇಲ್ಲಿನ ಸಂಶೋಧನೆಯಿಂದ ರೂಪುಗೊಂಡು, 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಗಿ, ಉತ್ತರದ ಜಿಲ್ಲೆಗಳಲ್ಲಿ ವ್ಯಾಪಕವಾಗಿ ಹಬ್ಬಿತು.

ಅಂಕಿ ಅಂಶದಿಂದ ಸಂವಿಧಾನದವರೆಗೆ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಾಗೂ ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿದ್ದ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ವರದಿ ಸಲ್ಲಿಸಿತು. 35 ಸೂಚಕಗಳ ಆಧಾರದಲ್ಲಿ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆಯೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗಕ್ಕೇ ಸೇರಿದ್ದವು. ಹಿಂದುಳಿದಿದ್ದೇವೆಂಬ ಹಳೆಯ ಅಳಲಿಗೆ ತಾಲ್ಲೂಕುವಾರು ಲೆಕ್ಕದ ಬೆಂಬಲ ದೊರೆತದ್ದು ಆಗ. ಆ ಭಾಗದ ಜನರ ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ದೊರೆತು, 371ಜೆ ವಿಧಿ ಬಂತು; ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆಯಿತು. ಬೀದರ, ಕಲಬುರಗಿ, ರಾಯಚೂರುಗಳಿಂದ ಇಲ್ಲಿಗೆ ಬಂದ ಕುಟುಂಬಗಳಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಪ್ರಾದೇಶಿಕ ಅಸಮತೋಲನದ ಪರಿಶೀಲನೆಗೆ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಮತ್ತೊಂದು ಸಮಿತಿ ರಚಿಸಬೇಕಾಯಿತು. ವರದಿ ದಾರಿ ತೋರಬಲ್ಲದು, ನಡೆಯಬೇಕಾದವರು ಆಳುವವರು.

ನಮ್ಮ ನುಡಿ, ನೆರೆಯ ಪ್ರಯೋಗಶಾಲೆ

ಗಚ್ಚಿಬೌಲಿಯ ಐಐಐಟಿಯ ಭಾಷಾ ತಂತ್ರಜ್ಞಾನ ಸಂಶೋಧನಾ ಕೇಂದ್ರವು ಭಾರತೀಯ ಭಾಷೆಗಳ ನಡುವಣ ಯಂತ್ರಾನುವಾದದಲ್ಲಿ ಅಗ್ರಗಣ್ಯ. ಇದರ ನೇತೃತ್ವದಲ್ಲಿ ಹಲವು ಸಂಸ್ಥೆಗಳು ಕೂಡಿ ರೂಪಿಸಿದ 'ಸಂಪರ್ಕ್' ವ್ಯವಸ್ಥೆಯಲ್ಲಿ ಕನ್ನಡ-ಹಿಂದಿ ಜೋಡಿಯೂ ಇತ್ತು. ಹೈದರಾಬಾದ್ ವಿಶ್ವವಿದ್ಯಾಲಯದ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನ ಕೇಂದ್ರವೂ ಇದೇ ಕ್ಷೇತ್ರದಲ್ಲಿ ದುಡಿದಿದೆ.

ಈ ಕಾರ್ಯದ ಕಷ್ಟವನ್ನು 'ಮನೆಯಲ್ಲಿದ್ದವರಿಗೂ' ಎಂಬ ಒಂದೇ ಪದದಿಂದ ಅರಿಯಬಹುದು. ಮನೆ, ಅಲ್ಲಿ, ಇದ್ದ, ಅವರಿಗೆ, ಊ ಎಂದು ಅದನ್ನು ಬಿಡಿಸಿಕೊಳ್ಳದೆ ಯಂತ್ರಕ್ಕೆ ಅರ್ಥ ಹೊಳೆಯದು. ತೆಲುಗು ನಮ್ಮಂತೆಯೇ ಪದಕ್ಕೆ ಪ್ರತ್ಯಯಗಳನ್ನು ಪೋಣಿಸುವ ಸೋದರ ಭಾಷೆ. ಇಂಗ್ಲಿಷಿನ ಜಾಯಮಾನ ಬೇರೆ. ಆಸ್ಪತ್ರೆಯ ಚೀಟಿ, ನ್ಯಾಯಾಲಯದ ಆದೇಶ, ಪಿಂಚಣಿಯ ಅರ್ಜಿ ಇವು ತನ್ನ ನುಡಿಯಲ್ಲಿ ದೊರೆಯದವನಿಗೆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

2022ರಲ್ಲಿ ಕೇಂದ್ರ ಸರ್ಕಾರವು 'ಭಾಷಿಣಿ' ಯೋಜನೆಗೆ ಚಾಲನೆ ನೀಡಿತು. ಅದರ 'ಭಾಷಾ ದಾನ' ವಿಭಾಗದಲ್ಲಿ ಸಾರ್ವಜನಿಕರೇ ತಮ್ಮ ಧ್ವನಿ ಮತ್ತು ಬರಹವನ್ನು ನೀಡಬಹುದು. ಬೆಂಗಳೂರಿನ ಮಾತನ್ನಷ್ಟೇ ಕೇಳಿ ಕಲಿತ ಯಂತ್ರಕ್ಕೆ ಬೀದರಿನ ಅಜ್ಜಿಯ ಮಾತು ತಿಳಿಯುವುದು ಕಷ್ಟ. ಆ ಕೊರತೆಯನ್ನು ತುಂಬಬಲ್ಲವರು ನಮ್ಮ ಮನೆಗಳ ಹಿರಿಯರೇ. ಐಐಐಟಿ ಸಂಸ್ಥೆಯು ವರ್ಷಕ್ಕೊಮ್ಮೆ ತನ್ನ ಸಂಶೋಧನೆಗಳ ಪ್ರದರ್ಶನ ಏರ್ಪಡಿಸುತ್ತ ಬಂದಿದೆ. ಮಕ್ಕಳೊಡನೆ ಅಲ್ಲಿಗೆ ಹೋಗಿ, ಕನ್ನಡಕ್ಕೆ ಏನು ನಡೆದಿದೆಯೆಂದು ವಿಚಾರಿಸಬೇಕೆಂದು ನಮ್ಮ ಓದುಗ ಕುಟುಂಬಗಳಲ್ಲಿ ವಿನಂತಿಸುತ್ತೇವೆ.